ಎರಡೂ ಕೈ ಬಿಟ್ಟು

ಕೊರೋನಾ ಕಳೆದ ಮರುವರ್ಷ ನಾನು ಬಿ.ಸಿ.ರೋಡಿನ ಪುಟ್ಟ ಕ್ಲಿನಿಕ್ಕೊಂದರಲ್ಲಿ ಫಿಸಿಯೊಥೆರಪಿಸ್ಟ್ ಆಗಿದ್ದೆ. ಸಿದ್ಧಕಟ್ಟೆಯ ಬಟ್ಟೆ ವ್ಯಾಪಾರಿ ಇಸ್ಮಾಯಿಲ್ ಬಂದದ್ದು ಆಗ. ಅಂಗಡಿಯ ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮುಗಿದಿತ್ತು. ನಮ್ಮ ಭಾಷೆಯಲ್ಲಿ ಅದು ‘ಇನ್‌ಕಂಪ್ಲೀಟ್ ಇಂಜುರಿ’: ಹುರಿ ಪೂರ್ತಿ ಕಡಿದಿಲ್ಲ, ಮೆದುಳಿನ ಮಾತು ಕಾಲಿಗೆ ಅಷ್ಟಿಷ್ಟು ತಲುಪುತ್ತದೆ.

ವಾಕರ್ ಹಿಡಿಸಿ ನಡೆಸುವುದು ನನ್ನ ಯೋಜನೆ. “ನಡೆಯುವ” ಎಂದೆ.

“ನಡೆಯುವ ಅಂತೀರಿ ಡಾಕ್ಟ್ರೇ, ನಡೆಯುವುದು ನಾನೊಬ್ಬನೇ ಅಲ್ಲವಾ?”

ಅವರ ಹೆಂಡತಿ ಜೊಹರಾ ನಗಲಿಲ್ಲ. “ಸೌದಿಯ ದಮಾಮಿನಲ್ಲಿರುವ ಇವರ ತಮ್ಮನದ್ದೂ ಫೋನಿನಲ್ಲಿ ಅದೇ ‘ಮಾಡುವ’ ಮಾತು. ರಜೆಯಲ್ಲಿ ಬರ್ತೇನೆ, ಅಂಗಡಿ ಬಾಡಿಗೆಗೆ ಕೊಡುವ ಅಂತೆ. ಕೊಟ್ಟರೆ ಇವರಿಗೆ ನನ್ನ ಮೀನುಸಾರಿನ ಉಪ್ಪು ನೋಡುವುದೇ ಕೆಲಸ.”

ಕೆಲವು ತಿಂಗಳಲ್ಲಿ ಇಸ್ಮಾಯಿಲ್ ವಾಕರ್ ಹಿಡಿದು ಬಾಗಿಲವರೆಗೆ ಹೋದರು. ನನಗೆ ಸಂಭ್ರಮ, ಅವರಿಗಿಲ್ಲ.

“ವಾಕರಿಗೆ ಎರಡೂ ಕೈ ಬೇಕು. ಮತ್ತೆ ಬಟ್ಟೆ ಅಳೆಯುವುದು ಯಾವುದರಲ್ಲಿ? ಅಂಗಡಿಯವನಿಗೆ ನಡೆಯಲಿಕ್ಕೆ ಎಲ್ಲಿ ಉಂಟು? ನಿಲ್ಲಬೇಕು.”

ಯೋಜನೆ ಬದಲಾಯಿತು. ಅವರ ಅಂಗಡಿಯ ಮೇಜಿನಷ್ಟೇ ಎತ್ತರದ ಮೇಜು ತರಿಸಿದೆ. ಪಾದ ಜೋಲದಂತೆ ಸ್ಪ್ಲಿಂಟ್, ಸೊಂಟಕ್ಕೆ ನಾನು ಹಿಡಿಯುವ ಬೆಲ್ಟ್, ತೊಡೆ ಮೇಜಿಗೆ ಆನಿಸಿ ನಿಲ್ಲುವುದು. ಮೊದಲು ಒಂದು ಕೈ ಬಿಡಬೇಕು, ಅದು ಪಳಗಿದ ಮೇಲೆ ಇನ್ನೊಂದು. ಜೊಹರಾ ಅಂಗಡಿಯಿಂದ ಒಂದು ಥಾನು, ಮೀಟರ್ ಕೋಲು ತಂದರು. ಬಟ್ಟೆ ಎಳೆದಾಗಲೆಲ್ಲ ಇಸ್ಮಾಯಿಲರ ಮೈ ವಾಲುತ್ತಿತ್ತು, ಬೆಲ್ಟ್ ನನ್ನ ಕೈಯಲ್ಲಿ ಬಿಗಿಯುತ್ತಿತ್ತು. ಒಂದು ದಿನ ಅವರು ಬಟ್ಟೆ ಎಳೆದರು. ಬೆಲ್ಟ್ ಸಡಿಲವಾಗಿಯೇ ಉಳಿಯಿತು.

ಆ ಥಾನು ನನ್ನ ನೆನಪಿನಲ್ಲಿ ನೀಲಿ. ಇಸ್ಮಾಯಿಲ್ ಬಿಳಿ ಎನ್ನುತ್ತಾರೆ, ಜೊಹರಾ ಇಬ್ಬರನ್ನೂ ಒಪ್ಪುವುದಿಲ್ಲ. ನನ್ನ ನೆನಪನ್ನು ನಾನು ಅಷ್ಟು ನಂಬುವವನಲ್ಲ. ಬೆಲ್ಟಿನ ಆ ಸಡಿಲವನ್ನು ಮಾತ್ರ ಅಂಗೈ ಮರೆತಿಲ್ಲ.

ಇಸ್ಮಾಯಿಲರ ತಮ್ಮ ರಜೆಯಲ್ಲಿ ಊರಿಗೆ ಬಂದು ಅಂಗಡಿಗೆ ಕಾಲಿಟ್ಟ ದಿನ, ಮೇಜಿನ ಅಂಚಿಗೆ ಮೆತ್ತೆ ಹೊಡೆಸಲು ನಾನೂ ಅಲ್ಲಿದ್ದೆ. ಮೇಜಿನ ಹಿಂದೆ ನಿಂತಿದ್ದ ಅಣ್ಣನನ್ನು ನೋಡಿ ಅವನು ಗಿರಾಕಿಯಂತೆ ಎದುರು ಬಂದು ನಿಂತ. ಬಾಡಿಗೆಯ ಮಾತು ತೆಗೆಯಲಿಲ್ಲ.

“ನನಗೊಂದು ಶರ್ಟಿನ ಬಟ್ಟೆ ಕೊಡು. ಎರಡು ಮೀಟರ್ ಸಾಕಲ್ಲ?”

ಇಸ್ಮಾಯಿಲ್ ಎರಡೂ ಕೈಯಲ್ಲಿ ಥಾನು ಬಿಚ್ಚಿ ಕೋಲಿಗೆ ಹಿಡಿದರು. “ದಮಾಮಿಗೆ ಹೋಗುವಾಗ ಸಾಕಿತ್ತು. ಈಗ ಆ ಹೊಟ್ಟೆಗೆ ಎರಡೂವರೆ ಬೇಕು.”

ಅಂಗಡಿ ಉಳಿಯಿತು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಹೆಮ್ಮೆಯ ಕೆಲಸ ನಾನು ಮಾಡಿಲ್ಲ. ಈಗ ಹೊಸಬರು ಬಂದರೆ, ಕಾಲು ಮುಟ್ಟಿ ನೋಡುವ ಮೊದಲು ಕೈಗೆ ಏನು ಕೆಲಸ ಎಂದು ಕೇಳುತ್ತೇನೆ.

ಇಸ್ಮಾಯಿಲ್ ಇಂದಿಗೂ ಅಂಗಡಿಗೆ ಬರುವುದು ವಾಕರಿನಲ್ಲೇ. ಬಂದ ಮೇಲೆ ಅದು ಮೂಲೆ ಸೇರುತ್ತದೆ. ಗಿರಾಕಿಗಳು ಅದಕ್ಕೆ ಕೊಡೆ ತೂಗುಹಾಕುತ್ತಾರೆ.