ಎರಡು ಓಮ್ ಹಠ

ಆ ತರಬೇತಿ ಶಾಲೆಯ ವಿದ್ಯುತ್ ಲ್ಯಾಬಿನ ಅಟೆಂಡರಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಓಮಣ್ಣ. ಓಮ್ ಎನ್ನುವುದು ತಂತಿಯ ರೋಧವನ್ನು ಅಳೆಯುವ ಮಾನ. ಅಣ್ಣ ಎನ್ನುವುದು ಮೂವತ್ತೊಂದು ವರ್ಷ ಅಲ್ಲಿ ಕಲಿತುಹೋದವರು ಕೊಟ್ಟ ಬಡ್ತಿ. ಬೇರೆ ಬಡ್ತಿ ಅವನಿಗೆ ಸಿಕ್ಕಿರಲಿಲ್ಲ.

ಪಾಠ ಮಾಡುವುದು ಅವನ ಕೆಲಸವಲ್ಲ. ಮೇಜು ಒರೆಸುವುದು, ಬ್ಯಾಟರಿ ಜೋಡಿಸುವುದು, ಮೀಟರುಗಳನ್ನು ಕೂಸಿನ ಹಾಗೆ ಎತ್ತಿಡುವುದು, ಅಷ್ಟೇ. ಆದರೆ ಮೇಷ್ಟ್ರು ಬೋರ್ಡಿನ ತುಂಬ ಬರೆದದ್ದು ಯಾರ ತಲೆಗೂ ಹತ್ತದಿದ್ದಾಗ, ಒರೆಸುವ ಬಟ್ಟೆ ಹೆಗಲಿಗೇರಿಸಿಕೊಂಡು ಮೆಲ್ಲಗೆ ಹತ್ತಿರ ಬರುತ್ತಿದ್ದ. ವೋಲ್ಟ್ ಅಂದರೆ ತಳ್ಳುವ ಒತ್ತಡ, ಆಂಪಿಯರ್ ಅಂದರೆ ಹರಿವು, ಓಮ್ ಅಂದರೆ ತಂತಿಯ ಹಠ. ಒತ್ತಡವನ್ನು ಹರಿವಿನಿಂದ ಭಾಗಿಸು, ಹಠ ಸಿಗುತ್ತದೆ. ಗುಣಿಸು, ದುಡಿಮೆ ಸಿಗುತ್ತದೆ, ಅದೇ ವ್ಯಾಟ್. ಹಠ ಇಳಿದರೆ ಹರಿವು ಏರುತ್ತದೆ. ಇದನ್ನು ಮನೆಯಲ್ಲೂ ಎಷ್ಟು ಸಲ ಹೇಳಿದ್ದನೆಂದರೆ, ಹೆಂಡತಿ ತರಕಾರಿ ಹೆಚ್ಚುತ್ತಲೇ, ನಿಮ್ಮ ಹಠ ಅಳೆಯುವ ಮೀಟರು ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದಳು.

ಆಕೆ ಸುಮ್ಮನೆ ಅನ್ನುತ್ತಿರಲಿಲ್ಲ. ಕೈಯಿಂದ ಲೋಟ ಬಿದ್ದು ಒಡೆದರೂ, ಲೋಟವೇ ಜಾರಿತು ಎನ್ನುವ ಪೈಕಿ ಅವನು. ಲ್ಯಾಬಿನ ಮೂಲೆಯಲ್ಲಿ ‘ಕೆಟ್ಟ ಸಾಮಾನು’ ಎಂದು ಬರೆದ ಮರದ ಪೆಟ್ಟಿಗೆಯೊಂದಿತ್ತು. ಓಮಣ್ಣ ಬಂದಾಗಿನಿಂದ ಅದು ಖಾಲಿ. ಬಂದವರಿಗೆಲ್ಲ ಮುಚ್ಚಳ ತೆಗೆದು ಆ ಖಾಲಿಯನ್ನು ತೋರಿಸುತ್ತಿದ್ದ. ಮುಂದಿನ ವಾರ ಅವನ ನಿವೃತ್ತಿ. ಬೀಳ್ಕೊಡುಗೆಯ ದಿನ ಆ ಪೆಟ್ಟಿಗೆಯನ್ನು ವೇದಿಕೆಯ ಮೇಲೇ ಇಡಿಸುತ್ತೇನೆಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಅಂದಿನಿಂದ ಅವನು ಪೆಟ್ಟಿಗೆಯನ್ನು ದಿನಕ್ಕೆ ಎರಡು ಸಲ ಒರೆಸುತ್ತಿದ್ದ.

ಹೀಗಿರುವಾಗ ಪ್ರಾಯೋಗಿಕ ಪರೀಕ್ಷೆ ಬಂತು. ಮೂರನೇ ಮೇಜಿಗೆ ಕೊನೆಯಲ್ಲಿ ಬಂದವಳು ಟೈಲರಮ್ಮ. ಬಟ್ಟೆ ಕಾರ್ಖಾನೆಯಲ್ಲಿ ಹದಿನಾರು ವರ್ಷ ಹೊಲಿದು ಬೆನ್ನು ಸೋತ ಹೆಂಗಸು, ಇಬ್ಬರು ಮಕ್ಕಳ ತಾಯಿ. ಇದು ಪಾಸಾದರೆ ಅದೇ ಕಾರ್ಖಾನೆಯ ಮೋಟಾರು ರಿಪೇರಿ ವಿಭಾಗಕ್ಕೆ ಹೋಗಬಹುದು. ಕಳೆದ ಸಲ ಫೇಲಾಗಿದ್ದಳು, ಮೂರನೇ ಅವಕಾಶ ಇರಲಿಲ್ಲ.

ಮೇಜಿನ ಮೇಲೆ ತಂತಿಯ ಸುರುಳಿ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಓಮಣ್ಣನ ಮುತ್ತಿನಂಥ ಅಕ್ಷರ: ಹತ್ತು ಓಮ್. ಟೈಲರಮ್ಮ ಎರಡು ವೋಲ್ಟ್ ಕೊಟ್ಟಳು, ಮುಳ್ಳು ಕಾಲು ಆಂಪಿಯರಿಗೆ ನಿಂತಿತು. ನಾಲ್ಕು ಕೊಟ್ಟಳು, ಅರ್ಧಕ್ಕೆ ನಿಂತಿತು. ನಾಲ್ಕನ್ನು ಅರ್ಧದಿಂದ ಭಾಗಿಸಿ ಎಂಟು ಓಮ್, ಗುಣಿಸಿ ಎರಡು ವ್ಯಾಟ್ ಎಂದು ಬರೆದಳು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. ಚೀಟಿ ಹತ್ತು ಅನ್ನುತ್ತಿದೆ, ನಾಲ್ಕು ವೋಲ್ಟಿಗೆ ಸೊನ್ನೆ ಪಾಯಿಂಟ್ ನಾಲ್ಕು ಆಂಪಿಯರ್ ಬರಬೇಕು, ಮೀಟರು ಓದಲು ಬರದವರಿಗೆ ಸರ್ಟಿಫಿಕೇಟು ಕೊಡುವುದು ಹೇಗೆ ಎಂದರು. ಇನ್ನೊಮ್ಮೆ ಮಾಡಿಸಿದರು. ಮತ್ತೆ ಎಂಟೇ ಬಂತು.

“ತಿದ್ಕೊಳ್ಳಮ್ಮ, ಐದು ನಿಮಿಷ ಕೊಡ್ತೀನಿ.”

ಟೈಲರಮ್ಮ ಪೆನ್ನಿನ ಮುಚ್ಚಳ ಹಾಕಿದಳು. “ಮುಳ್ಳು ಅರ್ಧಕ್ಕೇ ನಿಲ್ತಿದೆ ಸಾರ್. ಇಲ್ಲದ್ದನ್ನ ಹೇಗೆ ಬರೀಲಿ?”

ಆ ಎಂಟು ಎಲ್ಲಿಂದ ಬಂತೆಂದು ಮೂಲೆಯಲ್ಲಿ ನಿಂತಿದ್ದ ಓಮಣ್ಣನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಸ್ವಿಚ್ಚು ಆರಿಸದೆ ಊಟಕ್ಕೆ ಹೋಗಿ ಆ ಸುರುಳಿಯನ್ನು ಸುಟ್ಟವನು ಅವನೇ. ಕರಕಲಾದ ಭಾಗ ಕತ್ತರಿಸಿ, ಉಳಿದ ತುದಿಯನ್ನು ಬೆಸುಗೆ ಹಾಕಿ, ಪಿಳಿಪಿಳಿ ಕಣ್ಣು ಬಿಡುತ್ತ ಮೊದಲಿದ್ದ ಜಾಗದಲ್ಲೇ ಇಟ್ಟುಬಿಟ್ಟಿದ್ದ. ಐದರಲ್ಲಿ ಒಂದು ಪಾಲು ತಂತಿ ಹೋದರೆ ಐದರಲ್ಲಿ ಒಂದು ಪಾಲು ಹಠವೂ ಹೋಗುತ್ತದೆ ಎಂಬುದು ಊರಿಗೆಲ್ಲ ಹೇಳಿಕೊಟ್ಟವನಿಗೆ ತಿಳಿಯದ್ದೇನಲ್ಲ. ಚೀಟಿ ಬದಲಿಸಿದರೆ ಕಾರಣ ಹೇಳಬೇಕಿತ್ತು, ಅದಕ್ಕೆ ಬದಲಿಸಿರಲಿಲ್ಲ.

ಅವನು ಖಾಲಿ ಪೆಟ್ಟಿಗೆಯನ್ನು ನೋಡಿದ. ಇನ್ನು ಒಂದೇ ವಾರ. ಟೈಲರಮ್ಮನನ್ನು ನೋಡಿದ. ಅವಳು ಹಾಳೆಯನ್ನು ತಿದ್ದದೆ ಹಾಗೇ ಒಪ್ಪಿಸಲು ಎದ್ದಿದ್ದಳು. ಅಷ್ಟು ಹೊತ್ತಿಗೆ ಅವನ ಕಾಲು ತಾನಾಗಿ ಮೂರನೇ ಮೇಜಿನ ಕಡೆ ನಡೆದಿತ್ತು.

“ಸಾರ್, ಈ ತಂಗಿ ಸರಿಯಾಗೇ ಓದಿದಾಳೆ. ಸುಳ್ಳು ಹೇಳ್ತಿರೋದು ನನ್ನ ಚೀಟಿ. ಈ ಸುರುಳಿ ಸುಟ್ಟೋನು ನಾನು, ಮುಚ್ಚಿಟ್ಟೋನೂ ನಾನೇ.”

ಪರೀಕ್ಷಕರು ಬೇರೆ ಮೀಟರು ತರಿಸಿ ತಾವೇ ಅಳೆದರು. ಎಂಟು. ಆಮೇಲೆ ಅದೇ ಮೇಜಿನಲ್ಲಿ ಬೆಳಗಿನಿಂದ ಕೂತೆದ್ದ ಏಳು ಮಂದಿಯ ಹಾಳೆ ಬಿಡಿಸಿದರು. ಏಳರಲ್ಲೂ ಹತ್ತು ಓಮ್, ಒಂದು ಪಾಯಿಂಟ್ ಆರು ವ್ಯಾಟ್. ಅವರಿಗೆ ನಗು ತಡೆಯಲಾಗಲಿಲ್ಲ. ಅಕ್ಷರ ಚೆನ್ನಾಗಿದ್ದರೆ ಹೀಗಾಗುತ್ತೆ ನೋಡಿ, ಏಳೂ ಜನ ತಂತಿ ಬಿಟ್ಟು ನಿಮ್ಮ ಚೀಟಿ ಅಳೆದಿದ್ದಾರೆ ಎಂದರು. ಟೈಲರಮ್ಮನ ಹಾಳೆಗೆ ಪೂರ್ತಿ ಅಂಕ ಹಾಕಿ, ಏಳು ಮಂದಿಯನ್ನೂ ಮತ್ತೆ ಕರೆಸಿದರು.

ಟೈಲರಮ್ಮ ಹೋಗುವಾಗ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದಳು. ಓಮಣ್ಣ ಬೇಡ ಹೋಗಮ್ಮ ಎಂದು ಕೈಯಾಡಿಸಿದ. ಎಲ್ಲರೂ ಹೋದ ಮೇಲೆ ಸುರುಳಿಯನ್ನು ಒರೆಸಿ, ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗಿಟ್ಟ.

ಸಂಜೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಕೂತು ಹೆಂಡತಿಗೆ ಎಲ್ಲ ಹೇಳಿದ. ಪೆಟ್ಟಿಗೆ ಇನ್ನು ವೇದಿಕೆ ಹತ್ತುವುದಿಲ್ಲ ಎಂದೂ ಹೇಳಿದ. ಮೂವತ್ತೊಂದು ವರ್ಷ ಆ ಪೆಟ್ಟಿಗೆಯ ಕಥೆ ಕೇಳಿದ್ದ ಹೆಂಗಸು, ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

“ಅಂತೂ ನಿಮ್ಮ ಹಠ ಎರಡು ಓಮ್ ಇಳೀತು ಅನ್ನಿ.”

ಓಮಣ್ಣ ನಕ್ಕ. ನಗುತ್ತಿದ್ದಂತೆ ಕಣ್ಣಿಂದ ನೀರು ಇಳಿಯತೊಡಗಿತು, ಹೆಗಲ ಮೇಲಿನ ಬಟ್ಟೆಯಿಂದ ಎಷ್ಟು ಒರೆಸಿದರೂ ನಿಲ್ಲಲಿಲ್ಲ.

“ಹಠ ಇಳಿದ್ರೆ ಹರಿವು ಏರ್ಲೇಬೇಕಲ್ಲೇ,” ಎಂದ. “ಲೆಕ್ಕ ಸರಿಯಾಗೇ ಇದೆ.”