ನಾನು ಒಪ್ಪದ ವಿಶೇಷಣ

ಮೇಲಧಿಕಾರಿಯ ಜೊತೆ ನಾನು ಜಗಳವಾಡಿದ್ದು ಒಂದೇ ಸಲ. ಅದೂ ರಜೆಗಲ್ಲ, ವರ್ಗಾವಣೆಗಲ್ಲ. ಒಂದು ಇಂಗ್ಲಿಷ್ ವಿಶೇಷಣಕ್ಕೆ. ಕೇಳಿದವರು ನಗುತ್ತಾರೆ. ನಗಲಿ.

ಎರಡು ಸಾವಿರದ ನಾಲ್ಕೋ ಐದೋ ಇಸವಿ. ಶೃಂಗೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂಬತ್ತನೇ ಕ್ಲಾಸಿನವರು ಸ್ಟ್ರೇಂಜ್, ಆಡ್, ರೇರ್ ಎಲ್ಲಕ್ಕೂ ‘ವಿಚಿತ್ರ’ ಎಂದೇ ಬರೆಯುತ್ತಿದ್ದರು. ಗೈಡಿನಲ್ಲಿ ಹಾಗೇ ಇತ್ತು. ಒಂದೊಂದು ಶಬ್ದಕ್ಕೆ ಒಂದೊಂದು ವಸ್ತು ತನ್ನಿ ಎಂದೆ. ಆಡ್ ಎಂಬುದಕ್ಕೆ ಜೋಡಿ ಕಳೆದುಕೊಂಡ ಚಪ್ಪಲಿ ಬಂತು. ಸ್ಟ್ರೇಂಜ್ ಎಂಬುದಕ್ಕೆ, ಯಾರಿಗೂ ಹೆಸರು ಗೊತ್ತಿಲ್ಲದ ಒಂದು ಕಾಡುಕಾಯಿ. ಕೆರೆಕಟ್ಟೆಯಿಂದ ಬರುವ ಸುಮಿತ್ರಾ ಬರಿಗೈಯಲ್ಲಿ ಎದ್ದು ನಿಂತು, “ರೇರ್ ಅಂದ್ರೆ ನಮ್ಮೂರಿನ ಬಸ್ಸು ಟೀಚರ್, ತರಕ್ಕಾಗ್ಲಿಲ್ಲ” ಎಂದಳು. ಕ್ಲಾಸು ಗೊಳ್ಳೆಂದು ನಗುತ್ತಿರುವಾಗಲೇ ತಪಾಸಣೆಯ ಅಧಿಕಾರಿ ಒಳಗೆ ಬಂದರು. ಮೇಜಿನ ಮೇಲೆ ಚಪ್ಪಲಿ!

ವರದಿಯಲ್ಲಿ ನನ್ನ ಬೋಧನಾ ಕ್ರಮ ‘ಪೆಕ್ಯುಲಿಯರ್’ ಎಂದು ಬರೆದರು. ಕೆಳಗೆ ನನ್ನ ಸಹಿ ಬೇಕಿತ್ತು. ನಾನು ಹಾಕಲಿಲ್ಲ.

“ಹಾಕಿ ಮಾರಾಯ್ರೆ,” ಹೆಡ್‌ಮಾಸ್ಟರು ಬೇಡಿಕೊಂಡರು. “ಪೆಕ್ಯುಲಿಯರ್, ಅನ್‌ಯೂಶುವಲ್ ಎಲ್ಲಾ ಒಂದೇ ಅಲ್ವಾ?”

“ಒಂದೇ ಆದ್ರೆ ಅವರು ಇನ್ನೊಂದನ್ನೇ ಬರೀಲಿ ಸರ್.”

ಮರುದಿನ ಅಧಿಕಾರಿಯ ಎದುರು ನಿಂತೆ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋಗಿ, ಕನ್ನಡದಲ್ಲೇ ಹೇಳಿದೆ: “ಅನ್‌ಯೂಶುವಲ್ ಅಂದ್ರೆ ಮಾಮೂಲಿನ ಹಾಗಿಲ್ಲ ಅಂತ. ಅದು ನಿಜ, ಬರೀರಿ. ಪೆಕ್ಯುಲಿಯರ್ ಅಂದ್ರೆ ಏನೋ ಸರಿಯಿಲ್ಲ ಅಂತ. ಎಂತ ಸರಿಯಿಲ್ಲ, ಅದನ್ನು ಹೇಳಿ.”

“ನೀವಿನ್ನೂ ಕಾಯಂ ಆಗಿಲ್ಲ, ನೆನಪಿದೆಯಾ?”

“ಇದೆ ಸರ್.”

ಅವರು ಶಬ್ದ ಬದಲಿಸಲಿಲ್ಲ. ನಾನು ಅದರ ಕೆಳಗೆ ‘ಈ ಪದಕ್ಕೆ ನನ್ನ ಒಪ್ಪಿಗೆಯಿಲ್ಲ’ ಎಂದು ಬರೆದು ಸಹಿ ಹಾಕಿದೆ. ಕಾಯಂ ಆಗುವುದು ಒಂದು ವರ್ಷ ತಡವಾಯಿತು.

ಆ ವರ್ಷವೇ ಕೊಪ್ಪದ ಅಂಗಡಿಯಲ್ಲಿ ಒಂದು ದಪ್ಪ ನಿಘಂಟು ಕೊಂಡೆ. ನೋಡಿದರೆ, ಪೆಕ್ಯುಲಿಯರ್ ಎಂಬುದಕ್ಕೆ ಮೂಲದ ಅರ್ಥ ಬೇರೆಯೇ ಇದೆ: ಒಬ್ಬರಿಗೆ ಮಾತ್ರ ಸೇರಿದ್ದು, ಅವರ ಸ್ವಂತದ್ದು. ಅಂದರೆ ಆ ಪುಣ್ಯಾತ್ಮರು ನನ್ನನ್ನು ಹೊಗಳಿದ್ದರು! ಒಬ್ಬಳೇ ಕೂತು ನಕ್ಕೆ. ಹೆಡ್‌ಮಾಸ್ಟರಿಗೆ ತೋರಿಸಿದರೆ, “ಹಾಗಾದ್ರೆ ಇನ್ನಾದರೂ ಆ ಆಕ್ಷೇಪಣೆ ವಾಪಸ್ ತಗೊಳ್ಳಿ” ಎಂದರು.

ತೆಗೆದುಕೊಳ್ಳಲಿಲ್ಲ. ನಿಘಂಟಿನಲ್ಲಿ ಒಂದು ಶಬ್ದಕ್ಕೆ ಹತ್ತು ಅರ್ಥ ಇರಬಹುದು. ಬರೆಯುವ ಹೊತ್ತಿಗೆ ಮನುಷ್ಯನ ಮುಖದ ಮೇಲೆ ಇರುವುದು ಒಂದೇ. ನನಗೆ ಒಪ್ಪಿಗೆಯಾಗದೆ ಇದ್ದದ್ದು ಅದು.