ಹನ್ನೆರಡು ನಿಮಿಷದ ನದಿ

ಬಾಗಿಲೊಂದು ಸರಿಯಾಗಿ ಮುಚ್ಚುತ್ತಿರಲಿಲ್ಲ. ಅದನ್ನು ಸರಿ ಮಾಡಲೆಂದು ರಾಷ್ಟ್ರೀಯ ಜಲವಿದ್ಯುತ್ ಸಂಘದವರು ಬಡಗಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕರೆಸಿದ್ದರು. ಆ ಮಧ್ಯಾಹ್ನ ಮೂವತ್ತೊಂದು ವರ್ಷ ನಡೆಯಿತು. ಬಾಗಿಲು ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ.

ಸಂಘವೆಂದರೆ ಅಣೆಕಟ್ಟು ಕಟ್ಟುವವರು, ಅದರ ಯಂತ್ರ ಮಾರುವವರು, ಆ ಯಂತ್ರ ನಡೆಸುವವರು ಎಲ್ಲ ಸೇರಿ ಚಂದಾ ಹಾಕಿ ಇಟ್ಟುಕೊಂಡ ಕಚೇರಿ. ಮೂರನೇ ಮಹಡಿಯಲ್ಲಿ ನಾಲ್ಕು ಕೋಣೆ. ಅಲ್ಲಿನವರ ಕೆಲಸ ಒಂದೇ: ನೀರಿನಿಂದ ಬರುವ ಕರೆಂಟಿನಷ್ಟು ಒಳ್ಳೆಯದು ಲೋಕದಲ್ಲಿ ಮತ್ತೊಂದಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುವುದು. ದೇಶದ ನದಿಗಳೆಲ್ಲ ಅಲ್ಲಿನ ಗೋಡೆಯ ನಕ್ಷೆಯಲ್ಲಿ ಭೋರ್ಗರೆದು ಹರಿಯುತ್ತಿದ್ದವು. ಕಚೇರಿಯ ನಲ್ಲಿಯಲ್ಲಿ ಮಾತ್ರ ಹನ್ನೊಂದು ಗಂಟೆಯ ಮೇಲೆ ಬರೀ ಗಾಳಿ.

ಬಾಗಿಲಿನಿಂದ ಉಳಿದ ಮರದ ತುಂಡುಗಳಲ್ಲಿ ಬಡಗಿ ಅಂದು ಆಟಕ್ಕೆಂದು ಒಂದು ಪುಟ್ಟ ಅಣೆಕಟ್ಟು ಮಾಡಿದ್ದ. ಅದನ್ನು ಕಂಡವರು ಪಕ್ಕಕ್ಕೊಂದು ಗುಡ್ಡ ಕೇಳಿದರು. ಗುಡ್ಡವಾದ ಮೇಲೆ ನದಿ ಕೇಳಿದರು, ನದಿಯಾದ ಮೇಲೆ ಊರು. ಹಾಗೆ ಬೆಳೆದ ಮಾದರಿ ಕೊನೆಗೆ ಎರಡು ಮೇಜಿನಷ್ಟು ಅಗಲವಾಯಿತು. ಊರಿನಲ್ಲಿ ಇಪ್ಪತ್ತೊಂದು ಮನೆ, ಪ್ರತಿ ಮನೆಗೊಂದು ಕಡಲೆಕಾಳಿನಷ್ಟು ಬಲ್ಬು. ಕಿಟಕಿಗಳನ್ನು ಅವನು ಎಷ್ಟು ಸಣ್ಣಗೆ ಕೆತ್ತಿದ್ದನೆಂದರೆ, ಒಂದು ಮನೆಯ ಇರುವೆ ಇನ್ನೊಂದು ಮನೆಗೆ ಹೋಗಬೇಕಾದರೆ ತಲೆ ತಗ್ಗಿಸಬೇಕಿತ್ತು. ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಮಾದರಿಯ ನದಿ ಹರಿಯುತ್ತಿತ್ತು, ಚಕ್ರ ತಿರುಗುತ್ತಿತ್ತು, ದೀಪ ಹತ್ತುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು.

ನೀರಿಗೂ ದೀಪಕ್ಕೂ ಮಾತ್ರ ಯಾವ ಸಂಬಂಧವೂ ಇರಲಿಲ್ಲ. ಮೇಜಿನ ಕಾಲೊಳಗಿಂದ ಒಂದು ವೈರು ಇಳಿದು ನೆಟ್ಟಗೆ ಗೋಡೆಯ ಪ್ಲಗ್ಗಿಗೆ ಹೋಗುತ್ತಿತ್ತು. ಗೇಣುದ್ದದಿಂದ ಬೀಳುವ ನೀರಿನಲ್ಲಿ ನಿದ್ದೆ ಮಾಡುವ ಸೊಳ್ಳೆಯನ್ನು ಎಬ್ಬಿಸುವಷ್ಟೂ ಶಕ್ತಿ ಇರುವುದಿಲ್ಲ. ನೀರು ಕರೆಂಟು ಕೊಡಬೇಕಾದರೆ ಎತ್ತರದಿಂದ ಬೀಳಬೇಕು.

ಇದು ಹೊರಗಿನವರಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಬ್ಬಳಿಗೆ, ಅದೂ ಬಡಗಿಯ ಹೆಂಡತಿಗೆ. ಆಕೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಸುಟ್ಟುಹೋದ ಮೋಟಾರುಗಳ ಹೊಟ್ಟೆ ಬಗೆದು, ಹೊಸ ತಾಮ್ರದ ತಂತಿ ಸುತ್ತಿ ಮತ್ತೆ ಜೀವ ಕೊಡುವವಳು. ಮದುವೆಯಾದ ವರ್ಷ ಗಂಡನ ಕೈಚಳಕ ನೋಡಲೆಂದು ಸಮ್ಮೇಳನಕ್ಕೆ ಬಂದಳು. ಒಂದು ನಿಮಿಷ ದೀಪ ನೋಡಿದಳು, ಅರ್ಧ ನಿಮಿಷ ನೀರು ನೋಡಿದಳು, ಆಮೇಲೆ ಸೆರಗು ಸಿಕ್ಕಿಸಿ ಮೇಜಿನ ಕೆಳಗೆ ಬಗ್ಗಿದಳು. ಎದ್ದು ನಿಂತು ಕೇಳಿದ್ದು ಇಷ್ಟೇ: "ರೀ, ನಿಮ್ಮ ನದಿ ಗೋಡೆಯೊಳಗೆ ಹುಟ್ಟುತ್ತಾ?"

ಆಮೇಲೆ ಆಕೆ ಮತ್ತೆ ಬರಲಿಲ್ಲ. ಕೋಪವೇನೂ ಇರಲಿಲ್ಲ. ನೋಡುವಂಥದ್ದು ಏನಿದೆ ಎಂದಷ್ಟೇ. ಆದರೆ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಮೇಣದಬತ್ತಿ ಹುಡುಕುತ್ತ, "ಪಾಪ, ನಿಮ್ಮ ನದಿ ಬತ್ತಿತು" ಎನ್ನುತ್ತಿದ್ದಳು. ಇಪ್ಪತ್ತೆಂಟು ವರ್ಷ ಬಡಗಿ ಈ ಮಾತನ್ನು ನುಂಗಿಕೊಂಡ. ಒಂದೊಂದು ಸಲ ನುಂಗಿದ್ದನ್ನೂ ಗುಡ್ಡೆ ಹಾಕಿದ್ದರೆ ಅದರ ಮೇಲೊಂದು ನಿಜವಾದ ಅಣೆಕಟ್ಟನ್ನೇ ಕಟ್ಟಬಹುದಿತ್ತು.

ನಿವೃತ್ತಿಗೆ ನಾಲ್ಕು ತಿಂಗಳು ಉಳಿದಾಗ ಅವನ ತಲೆಯೊಳಗೆ ಹುಳ ಹೊಕ್ಕಿತು. ಇದು ಕೊನೆಯ ಸಮ್ಮೇಳನ. ಈ ಸಲ ದೀಪ ನೀರಿನಿಂದಲೇ ಹತ್ತಬೇಕು, ಅದನ್ನು ಅವಳು ನೋಡಬೇಕು.

ಸಮ್ಮೇಳನದ ಸಭಾಂಗಣಕ್ಕೆ ಒಂದು ಬಾಲ್ಕನಿ ಇತ್ತು, ನೆಲದಿಂದ ಹದಿನೆಂಟು ಅಡಿ ಮೇಲೆ. ಬಾಲ್ಕನಿಯಲ್ಲಿ ಐನೂರು ಲೀಟರಿನ ಡ್ರಮ್ಮು, ಅಲ್ಲಿಂದ ಕೆಳಗೆ ಪೈಪು, ಪೈಪಿನ ತುದಿಯಲ್ಲಿ ಚಕ್ರ, ಚಕ್ರಕ್ಕೆ ಡೈನಮೋ. ಚಕ್ರಕ್ಕೆ ನೀರು ಹೊಡೆಯಲು ಸಣ್ಣ ಬಟ್ಟಲುಗಳು ಬೇಕಿದ್ದವು. ಆ ತಿಂಗಳು ಕಚೇರಿಯ ಚಮಚಗಳು ಒಂದೊಂದಾಗಿ ಕಾಣೆಯಾದವು. ಇಪ್ಪತ್ತನೆಯದು ಹೋಗುವಷ್ಟರಲ್ಲಿ ಇಡೀ ಸಂಘ ಪೆನ್ಸಿಲಿನಲ್ಲಿ ಟೀ ಕಲಕುತ್ತಿತ್ತು. ಲೆಕ್ಕಿಗರ ಟೀ ಎಷ್ಟು ಕಪ್ಪಾಗಿತ್ತೆಂದರೆ ಅದರಲ್ಲಿ ಪತ್ರ ಬರೆಯಬಹುದಿತ್ತು.

ಹಳೇ ಡೈನಮೋ ಸಿಕ್ಕಿತು, ಆದರೆ ಅದರ ಸುರುಳಿ ಸುಟ್ಟಿತ್ತು. ಊರಿನಲ್ಲಿದ್ದದ್ದು ಒಂದೇ ವೈಂಡಿಂಗ್ ಅಂಗಡಿ, ಅದು ಹೆಂಡತಿ ಕೆಲಸಕ್ಕಿದ್ದ ಅಂಗಡಿ. ಬಡಗಿ ಕಚೇರಿಯ ಟೈಪಿಸ್ಟಮ್ಮನ ಕೈಕಾಲು ಹಿಡಿದು, ತನ್ನ ಹೆಸರು ಎತ್ತಬಾರದೆಂದು ಆಣೆ ಹಾಕಿಸಿ, ಅವರ ಕೈಯಲ್ಲೇ ಡೈನಮೋ ಕಳಿಸಿದ. ಮೂರನೇ ದಿನ ಅದು ಹೊಸ ತಂತಿ ಸುತ್ತಿಸಿಕೊಂಡು ವಾಪಸ್ಸು ಬಂತು. ಗುಟ್ಟು ಉಳಿಯಿತೆಂದು ಬಡಗಿ ಒಳಗೊಳಗೇ ಬೀಗಿದ.

ಸಂಘದ ಕಾರ್ಯದರ್ಶಿ ಮಾತ್ರ ಒಪ್ಪಲಿಲ್ಲ. ಅವರು ಹೆದರಿಕೆಯನ್ನೇ ವೃತ್ತಿ ಮಾಡಿಕೊಂಡ ಮನುಷ್ಯ, ಬಿಸಿಲಿನಲ್ಲೂ ಛತ್ರಿ, ಮನೆಯೊಳಗೂ ಮಫ್ಲರು. ದೇಶದ ನಾನೂರು ಪ್ರತಿನಿಧಿಗಳ ಮುಂದೆ ದೀಪ ಹತ್ತದಿದ್ದರೆ ಜಲವಿದ್ಯುತ್ತಿನ ಮಾನ ಮೂರುಕಾಸಿಗೆ ಹೋಗುತ್ತದೆ, ಬಿಸಿಲಿನಿಂದ ಕರೆಂಟು ಮಾಡುವವರ ಸಂಘದವರು ಮೇಜು ಬಡಿದು ನಗುತ್ತಾರೆ ಎಂದು ಒಂದು ವಾರ ಗೋಳಾಡಿದರು. ನಿಮಗೇ ನಿಮ್ಮ ನೀರಿನ ಮೇಲೆ ನಂಬಿಕೆ ಇಲ್ಲದಿದ್ದರೆ ಬೇರೆಯವರಿಗೆ ಏನು ಹೇಳುತ್ತೀರಿ ಎಂದು ಬಡಗಿ ಕೇಳಿದ. ಕಾರ್ಯದರ್ಶಿ ಆ ಪ್ರಶ್ನೆಗೆ ಮಫ್ಲರು ಬಿಗಿ ಮಾಡಿಕೊಂಡರು. ಬಡಗಿ ಅದನ್ನು ಒಪ್ಪಿಗೆ ಎಂದುಕೊಂಡ.

ಸಮ್ಮೇಳನದ ಬೆಳಿಗ್ಗೆ ಹೆಂಡತಿಗೆ ಹೇಳಿದ, "ಈ ಸಲ ಬಾ."

"ಯಾಕೆ, ಹೊಸ ಪ್ಲಗ್ ಹಾಕಿಸಿದ್ದೀರಾ?"

"ಪ್ಲಗ್ಗೇ ಇಲ್ಲ."

ಆಕೆ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅಂಗಡಿ ನಾಲ್ಕಕ್ಕೆ ಬಿಡುತ್ತೆ, ಬಸ್ಸು ಸಿಕ್ಕಿದರೆ ನಾಲ್ಕೂ ಮುಕ್ಕಾಲಿಗೆ ಬರುತ್ತೇನೆ ಎಂದಳು. ದೀಪ ಹತ್ತಿಸುವುದು ಐದಕ್ಕೆ. ಸರಿಹೋಯಿತು.

ಸರಿಹೋಗಲಿಲ್ಲ. ಮುಖ್ಯ ಅತಿಥಿಯಾಗಿ ಬಂದವರು ಇಂಧನ ಇಲಾಖೆಯ ಮೇಲಧಿಕಾರಿ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು. ತಮಗೆ ಇನ್ನೊಂದು ಸಭೆಯಿದೆ, ಎಲ್ಲವನ್ನೂ ನಾಲ್ಕಕ್ಕೇ ಮುಗಿಸೋಣ ಎಂದುಬಿಟ್ಟರು. ಡ್ರಮ್ಮಿನ ನೀರು ಹನ್ನೆರಡೇ ನಿಮಿಷ ಬರುತ್ತದೆ, ಬಡಗಿ ಅಳೆದು ನೋಡಿದ್ದ. ಕೆಳಗೆ ಬಿದ್ದ ನೀರು ಮೇಜಿನಡಿಯ ತೊಟ್ಟಿಗೆ ಸೇರುತ್ತಿತ್ತು. ಅದನ್ನು ಪಂಪು ಹಾಕಿ ಮೇಲಕ್ಕೆ ಏರಿಸಬಹುದಿತ್ತು, ಆದರೆ ಪಂಪಿಗೆ ಗೋಡೆಯ ಕರೆಂಟು ಬೇಕು. ಹಾಗೆ ಮಾಡಿದರೆ ಮತ್ತೆ ಗೋಡೆಯಲ್ಲೇ ಹುಟ್ಟುವ ನದಿಯಾಗುತ್ತದೆ.

ಸಭಾಂಗಣ ತುಂಬಿತ್ತು. ಹಿಂದಿನ ಸಾಲುಗಳಲ್ಲಿ ಕಂಪನಿಗಳ ದೊಡ್ಡವರು, ಮುಂದಿನ ಎರಡು ಸಾಲಿನಲ್ಲಿ ಸನ್ಮಾನಕ್ಕೆಂದು ಕರೆಸಿದ್ದ ವಿದ್ಯುದಾಗಾರಗಳ ಹಳೇ ನೌಕರರು. ಇಡೀ ಜನ್ಮ ಯಂತ್ರದ ಪಕ್ಕ ಕಳೆದು ಅರ್ಧ ಕಿವುಡಾದವರು ಅವರು. ಅತಿಥಿ ವಾಲ್ವಿನ ಹಿಡಿಗೆ ಕೈ ಹಾಕಿ ತಿರುಗಿಸಿದರು.

ಇಪ್ಪತ್ತೊಂದು ಮನೆಗಳಲ್ಲೂ ಝಗ್ಗನೆ ದೀಪ ಹತ್ತಿತು. ಚಪ್ಪಾಳೆಗೆ ಛಾವಣಿಯ ಸುಣ್ಣ ಉದುರಿತು.

ಬಡಗಿ ಚಪ್ಪಾಳೆ ತಟ್ಟಲಿಲ್ಲ. ಅತಿಥಿ ವಾಲ್ವನ್ನು ತಿರುಗಿಸಿದ್ದು ಮುಚ್ಚುವ ಕಡೆಗೆ. ಪೈಪು ಉಸಿರೂ ಬಿಟ್ಟಿರಲಿಲ್ಲ, ಚಮಚದ ಚಕ್ರ ಮಿಸುಕಿರಲಿಲ್ಲ. ಊರು ಮಾತ್ರ ಬೆಳಗುತ್ತಿತ್ತು. ಮುಂದಿನ ಎರಡು ಸಾಲುಗಳೂ ಚಪ್ಪಾಳೆ ತಟ್ಟದೆ ಚಕ್ರವನ್ನೇ ನೋಡುತ್ತಿದ್ದವು.

ಸುಮ್ಮನಿದ್ದುಬಿಡಬಹುದಿತ್ತು. ಅತಿಥಿಗೆ ಖುಷಿ, ಸಂಘಕ್ಕೆ ಹೆಸರು, ಅವನಿಗೆ ನಿವೃತ್ತಿಯ ದಿನ ಶಾಲು ಮತ್ತು ಕೈಗಡಿಯಾರ. ಇನ್ನು ಮುಕ್ಕಾಲು ಗಂಟೆಗೆ ಅವಳು ಬರುತ್ತಾಳೆ, ಮೇಜಿನ ಕೆಳಗೆ ಬಗ್ಗುತ್ತಾಳೆ.

ಬಡಗಿ ತಾನೇ ಬಗ್ಗಿದ. ಜಮಖಾನದ ಅಡಿಯಲ್ಲಿ ಹೊಸ ವೈರೊಂದು ಹಾವಿನ ಹಾಗೆ ಹೋಗಿತ್ತು. ಅದನ್ನೇ ಹಿಡಿದು ಮಂಡಿಗಾಲಲ್ಲಿ ಹೊರಟ. ವೈರು ವೇದಿಕೆಯ ಪರದೆಯ ಹಿಂದಕ್ಕೆ ಹೋಯಿತು. ಅಲ್ಲಿ ಕುರ್ಚಿಯ ಮೇಲೆ ಕಾರ್ಯದರ್ಶಿ ಇದ್ದರು, ಸ್ವಿಚ್ಚಿನ ಮೇಲೆ ಅವರ ಬೂಟುಗಾಲು ಇತ್ತು, ಮುಖ ಇಂಗು ತಿಂದ ಮಂಗನದಾಗಿತ್ತು.

"ಸರ್," ಎಂದ ಬಡಗಿ, "ಕಾಲು ಎತ್ತಿ."

ಮೂವತ್ತೊಂದು ವರ್ಷದಲ್ಲಿ ಅವನು ಸಂಘದಲ್ಲಿ ಕೊಟ್ಟ ಮೊದಲನೆಯ ಆಜ್ಞೆ ಅದು. ಕಾರ್ಯದರ್ಶಿ ಎರಡೂ ಕಾಲು ಎತ್ತಿದರು. ಬಡಗಿ ಪ್ಲಗ್ಗನ್ನು ಕಿತ್ತು, ವೈರನ್ನು ಬಾಲದ ಹಾಗೆ ಎಳೆಯುತ್ತ ವೇದಿಕೆಗೆ ಬಂದು, ಮಾದರಿಗೆ ಸಿಕ್ಕಿಸಿದ್ದ ತುದಿಯನ್ನೂ ಬಿಡಿಸಿ, ನಾನೂರು ಜನರಿಗೂ ಕಾಣುವಂತೆ ನೆಲದ ಮೇಲಿಟ್ಟ. ಊರು ಕತ್ತಲಾಗಿತ್ತು.

ಮೇಡಂ, ಆ ಕಡೆ ಅಲ್ಲ, ಈ ಕಡೆ ಎಂದು ಅತಿಥಿಗೆ ಹೇಳಿ ವಾಲ್ವನ್ನು ತೋರಿಸಿದ. ಅವರು ಈ ಕಡೆಗೆ ತಿರುಗಿಸಿದರು. ಪೈಪು ಒಮ್ಮೆ ಕೆಮ್ಮಿತು. ಚಮಚಗಳು ಕಿಣಿಕಿಣಿ ಎಂದವು, ಕಿಣಿಕಿಣಿ ಗಿರಗಿರವಾಯಿತು, ಗಿರಗಿರ ಗುಂಯ್ ಎಂದಿತು. ಬಲ್ಬುಗಳೊಳಗೆ ಕೆಂಪು ಎಳೆ ಕಂಡಿತು. ಎಳೆ ಹಳದಿಯಾಯಿತು, ಹಳದಿ ಬೆಳ್ಳಗಾಯಿತು. ದೀಪಗಳು ನಡುಗುತ್ತಿದ್ದವು. ಗೋಡೆಯ ಕರೆಂಟು ಹಾಗೆ ನಡುಗುವುದಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕರು ಎದ್ದು ನಿಂತರು, ಆಮೇಲೆ ಪಕ್ಕದವರು, ಆಮೇಲೆ ಎರಡು ಸಾಲೂ. ಅವರ ಚಪ್ಪಾಳೆಗೆ ಈ ಸಲ ಸುಣ್ಣವಲ್ಲ, ಗಾರೆಯೇ ಉದುರಿತು ಎಂದು ಸಭಾಂಗಣದ ಕಾವಲುಗಾರ ಈಗಲೂ ಸಾಧಿಸುತ್ತಾನೆ.

ಬಡಗಿ ಗಡಿಯಾರ ನೋಡಿದ. ನಾಲ್ಕೂ ಹನ್ನೆರಡು. ನದಿ ನಾಲ್ಕೂ ಇಪ್ಪತ್ನಾಲ್ಕಕ್ಕೆ ಮುಗಿಯುತ್ತದೆ, ಅವಳ ಬಸ್ಸು ಬರುವುದು ಇನ್ನೂ ಮೇಲೆ. ಯಾರಿಗೂ ಏನೂ ಹೇಳದೆ ತೊಟ್ಟಿಯಿಂದ ಒಂದು ಬಕೆಟ್ ನೀರು ತುಂಬಿಕೊಂಡು ಮೆಟ್ಟಿಲೇರಿದ, ಡ್ರಮ್ಮಿಗೆ ಸುರಿದ, ಓಡಿ ಇಳಿದ. ಮೂರನೇ ಸಲಕ್ಕೆ ಉಸಿರು ಕಟ್ಟಿತು. ಎದ್ದು ನಿಂತಿದ್ದ ಆ ಮುದುಕರು ದಾರಿಗೆ ಅಡ್ಡ ಬಂದರು.

"ಏನಪ್ಪಾ, ಯಾರಿಗೋಸ್ಕರ ಈ ಓಟ?"

"ಹೆಂಡತಿ ಬರಬೇಕು. ಇಪ್ಪತ್ತೆಂಟು ವರ್ಷದಿಂದ ಬಂದಿಲ್ಲ."

ಮುದುಕರು ಬಕೆಟ್ಟನ್ನು ಅವನ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ತಿರುಗಿ, ವಿದ್ಯುದಾಗಾರದ ಗದ್ದಲದಲ್ಲಿ ಪಳಗಿದ ಗಂಟಲಿನಿಂದ ವಿಷಯ ಸಾರಿದರು. ಮುಂದಿನದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಕಸ ಗುಡಿಸುವ ಕೋಣೆಯ ಬಕೆಟ್ಟುಗಳು ಬಂದವು. ಬೆಂಕಿ ಆರಿಸಲು ಗೋಡೆಗೆ ತೂಗುಹಾಕಿದ್ದ ಕೆಂಪು ಬಕೆಟ್ಟುಗಳು ಮರಳು ಚೆಲ್ಲಿಕೊಂಡು ಬಂದವು. ಮೆಟ್ಟಿಲುಗಳ ಮೇಲೆ ಸಾಲು ಕಟ್ಟಿತು: ಹಳೇ ಫಿಟ್ಟರು, ಅವನ ಪಕ್ಕ ಟರ್ಬೈನು ಮಾರುವ ಕಂಪನಿಯ ಒಡೆಯ, ಅವನ ಪಕ್ಕ ಟೈಪಿಸ್ಟಮ್ಮ, ಆಮೇಲೆ ನಾಲ್ಕು ಅಣೆಕಟ್ಟು ಕಟ್ಟಿಸಿದ ಇಂಜಿನಿಯರು. ಇಪ್ಪತ್ತು ಸೆಕೆಂಡಿಗೊಂದು ಬಕೆಟ್ಟು ಮೇಲೆ ಹೋಯಿತು. ಬಿದ್ದ ನೀರನ್ನು ಮತ್ತೆ ಮೇಲೇರಿಸಿ ಬೀಳಿಸುವ ಯೋಜನೆಯ ಬಗ್ಗೆ ಬೆಳಿಗ್ಗೆಯಿಂದ ಭಾಷಣ ಮಾಡುತ್ತಿದ್ದವರು ಈಗ ಅದನ್ನು ಕೈಯಲ್ಲೇ ಮಾಡುತ್ತಿದ್ದರು. ಅತಿಥಿಯ ಇನ್ನೊಂದು ಸಭೆ ಅವರಿಲ್ಲದೆ ಶುರುವಾಗಿ ಅವರಿಲ್ಲದೆ ಮುಗಿಯಿತು. ಅವರು ಬಾಲ್ಕನಿಯಲ್ಲಿ ನಿಂತು, ಎತ್ತರವಿದ್ದ ಕಾರಣ, ಡ್ರಮ್ಮಿಗೆ ಸುರಿಯುವ ಕೆಲಸ ವಹಿಸಿಕೊಂಡಿದ್ದರು. ಕಾರ್ಯದರ್ಶಿ ಮಫ್ಲರು ಬಿಚ್ಚಿ ಸೊಂಟಕ್ಕೆ ಕಟ್ಟಿ, ಸಾಲಿನ ತುದಿಯಲ್ಲಿ ತೊಟ್ಟಿಯಿಂದ ನೀರು ಮೊಗೆದು ಕೊಡುತ್ತಿದ್ದರು. ಅವರಷ್ಟು ಬೇಗ ಮೊಗೆದವರು ಅಂದು ಬೇರೆ ಇರಲಿಲ್ಲ.

ನಾಲ್ಕೂ ಐವತ್ತಕ್ಕೆ ಆಕೆ ಬಾಗಿಲಲ್ಲಿ ಕಂಡಳು, ಕಂಕುಳಲ್ಲಿ ಊಟದ ಚೀಲ, ಬೆರಳ ತುದಿಗೆ ವಾರ್ನಿಶಿನ ಕಲೆ. ಯಾರೂ ಹೇಳಬೇಕಾಗಲಿಲ್ಲ, ಇಡೀ ಸಭೆಗೆ ಗೊತ್ತಾಯಿತು. ಸಾಲು ನಿಂತಿತು. ಆಕೆ ಯಾರ ಕಡೆಯೂ ನೋಡದೆ ನೆಟ್ಟಗೆ ಮೇಜಿನ ಹತ್ತಿರ ಬಂದಳು, ಸೆರಗು ಸಿಕ್ಕಿಸಿದಳು, ಬಗ್ಗಿದಳು. ಆಕೆ ಮೇಜಿನ ನಾಲ್ಕು ಕಾಲನ್ನೂ ತಡವಿದಳು, ನೆಲದ ಮೇಲೆ ಬಿದ್ದಿದ್ದ ವೈರನ್ನು ಎತ್ತಿ ಎರಡೂ ತುದಿ ನೋಡಿ ಕೆಳಗಿಟ್ಟಳು. ಆಮೇಲೆ ಡೈನಮೋ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಳು.

"ಬಿಸಿ ಆಗಿಲ್ಲ," ಎಂದಳು. "ಸುತ್ತಿದವಳು ಗಟ್ಟಿಗಿತ್ತಿ."

"ನಿನಗೆ ಗೊತ್ತಿತ್ತಾ?" ಎಂದ ಬಡಗಿ.

"ಡೈನಮೋ ಒಳಗೆ ಮರದ ಹೊಟ್ಟು ತುಂಬ್ಕೊಂಡು ಬರೋ ಗಿರಾಕಿ ಈ ಊರಲ್ಲಿ ಇನ್ಯಾರಿದ್ದಾರೆ? ಸುರುಳಿಗೆ ಹತ್ತು ಸುತ್ತು ಜಾಸ್ತಿನೇ ಹಾಕಿದೆ. ನಿಮ್ಮ ನದಿ ಸಣ್ಣದಿರುತ್ತೆ ಅಂತ ಗೊತ್ತಿತ್ತಲ್ಲ."

ಅಷ್ಟರಲ್ಲಿ ಬಲ್ಬುಗಳು ಹಳದಿಗಿಳಿದವು, ಹಳದಿಯಿಂದ ಕೆಂಪಿಗೆ. ಆಕೆ ತಲೆಯೆತ್ತಿ ಮೆಟ್ಟಿಲುಗಳನ್ನು ನೋಡಿದಳು. ಬಕೆಟ್ಟುಗಳೆಲ್ಲ ಕೈಯಲ್ಲೇ ನಿಂತಿದ್ದವು, ದೇಶದ ಜಲವಿದ್ಯುತ್ ಉದ್ಯಮವೆಲ್ಲ ಬಾಯಿ ಬಿಟ್ಟುಕೊಂಡು ಆಕೆಯನ್ನೇ ನೋಡುತ್ತಿತ್ತು.

"ನನ್ನ ಮುಖ ನೋಡ್ತಾ ನಿಂತ್ರೆ ಊರಿಗೆ ಕರೆಂಟ್ ಕೊಡೋರು ಯಾರು?" ಎಂದು ಊಟದ ಚೀಲವನ್ನು ಗಂಡನ ಕೈಗೆ ಕೊಟ್ಟು, ಕಾರ್ಯದರ್ಶಿಯ ಮುಂದೆ ಕೈ ಚಾಚಿದಳು. "ಆ ಬಕೆಟ್ ಈ ಕಡೆ ಕೊಡಿ."